ಕೊನೆ ಗೊತ್ತಿದ್ದೂ ಉಗುರು ಕಚ್ಚುವವರು

‘ಸ್ಪಾಯ್ಲರ್ ಕೊಡ್ಬೇಡ ಗುರು!’ ಸೋಮವಾರ ಮಧ್ಯಾಹ್ನ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಕೇಳೋ ಮೊದಲ ಮಾತು ಇದು. ವಾರಾಂತ್ಯದಲ್ಲಿ ಯಾರೋ ಒಂದು ಪೊಲಿಟಿಕಲ್ ಥ್ರಿಲ್ಲರ್ ನೋಡಿ ಮುಗಿಸಿರ್ತಾರೆ, ಇನ್ಯಾರೋ ಅರ್ಧಕ್ಕೆ ನಿಲ್ಲಿಸಿರ್ತಾರೆ. ಕೊನೆ ಗೊತ್ತಾದರೆ ಥ್ರಿಲ್ಲರ್ ಸತ್ತ ಹಾಗೆ ಅನ್ನೋದು ಎಲ್ಲರ ನಂಬಿಕೆ. ನನಗೆ ಆ ನಂಬಿಕೆಯ ಮೇಲೇ ಅನುಮಾನ.

ಯಾಕಂದರೆ ನಾನು ದುರ್ಗದ ಸೀಮೆಯವನು. ನಮ್ಮ ಕಡೆಯ ಅತಿ ದೊಡ್ಡ ರಾಜಕೀಯ ಥ್ರಿಲ್ಲರ್‌ನ ಕೊನೆ ಸ್ಕೂಲ್ ಮಕ್ಕಳಿಗೂ ಗೊತ್ತು. 1779ರಲ್ಲಿ ಕೋಟೆ ಹೈದರಾಲಿಯ ಪಾಲಾಗುತ್ತೆ, ಮದಕರಿ ನಾಯಕ ಸೆರೆಯಾಗ್ತಾನೆ. ಆದರೂ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕೈಗೆತ್ತಿಕೊಂಡವರು ನಡುರಾತ್ರಿಯಾದರೂ ದೀಪ ಆರಿಸಲ್ಲ. ಪುಸ್ತಕದ ಹೆಸರಿನಲ್ಲೇ ಸ್ಪಾಯ್ಲರ್ ಇದೆಯಲ್ಲ ಸ್ವಾಮಿ! 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿಯವರ ಓಬವ್ವ ಒನಕೆ ಎತ್ತೋ ದೃಶ್ಯ ಟೀವೀಲಿ ಎಷ್ಟನೇ ಸಲ ಬಂದರೂ ನಮ್ಮಜ್ಜಿ ‘ಹೊಡಿಯೇ ತಾಯೀ’ ಅಂತ ಎದ್ದು ಕೂರೋರು. ಏನಾಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಸಸ್ಪೆನ್ಸ್ ಹುಟ್ಟೋದು ಎಲ್ಲಿ? ಹಿಚ್‌ಕಾಕ್ ಇದಕ್ಕೊಂದು ಉದಾಹರಣೆ ಕೊಡ್ತಿದ್ದರು. ಇಬ್ಬರು ಕೂತು ಮಾತಾಡ್ತಿದ್ದಾರೆ, ಮೇಜಿನ ಕೆಳಗಿನ ಬಾಂಬು ದಿಢೀರನೆ ಸಿಡಿದರೆ ನಾವು ಕೆಲವೇ ಸೆಕೆಂಡು ಬೆಚ್ಚಿಬೀಳ್ತೀವಿ. ಅದೇ ಬಾಂಬನ್ನು ನಮಗೆ ಮೊದಲೇ ತೋರಿಸಿಬಿಟ್ಟರೆ ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೂರ್ತೀವಿ. ಅಂದರೆ ಸಸ್ಪೆನ್ಸ್‌ಗೆ ಬೇಕಿರೋದು ತಿಳಿವಳಿಕೆ. ಜೊತೆಗೆ, ಆ ಇಬ್ಬರು ಎದ್ದು ಹೋಗಲಿ ಅನ್ನೋ ಆಸೆ.

ಕನ್ನಡದಲ್ಲಿ ಇದನ್ನ ಚೆನ್ನಾಗಿ ಅರಿತಿದ್ದ ಸಿನಿಮಾ ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ (1985). ಚುನಾವಣೆಗೆ ನಿಂತ ರಾಜಕಾರಣಿಯ ಮಗ ನಶೆಯಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹತ್ತಿಸ್ತಾನೆ. ಯಾರು ಮಾಡಿದ್ದು ಅನ್ನೋದು ಗುಟ್ಟೇ ಅಲ್ಲ, ನಾವೇ ನೋಡಿದ್ದೀವಿ. ಅನಂತ್ ನಾಗ್ ಮಾಡಿರೋ ಆ ಅಪ್ಪ ಅದನ್ನ ಮುಚ್ಚಿಹಾಕೋಕೆ ಹೊರಡ್ತಾನೆ, ಶಂಕರ್ ನಾಗ್ ಪತ್ರಕರ್ತನಾಗಿ ಅಗೆಯೋಕೆ ಹೊರಡ್ತಾರೆ. ಅಲ್ಲಿಂದ ಮುಂದೆ ನಮ್ಮನ್ನ ಹಿಡಿದು ಕೂರಿಸೋದು ಒಂದೇ ಪ್ರಶ್ನೆ: ನಮಗೆ ಗೊತ್ತಿರೋ ಸತ್ಯ ಹೊರಗೆ ಬರುತ್ತಾ? ಅಂದರೆ ನಮ್ಮನ್ನ ಸಾಕ್ಷಿ ಮಾಡಿ ಕೂರಿಸಿದ್ದಾರೆ. ಎಲ್ಲ ಕಂಡಿದ್ದೂ ಬಾಯಿಬಿಡಲಾಗದ ಸಾಕ್ಷಿ. ಆ ಚಡಪಡಿಕೆಗೇ ನಾವು ‘ಥ್ರಿಲ್’ ಅಂತ ಹೆಸರಿಟ್ಟಿದ್ದೀವಿ.

ಇಷ್ಟಾದರೆ ಥ್ರಿಲ್ಲರ್ ಒಳ್ಳೇದೇ, ಅನ್ಯಾಯ ಕಂಡಾಗ ಚಡಪಡಿಸೋದನ್ನ ಅಭ್ಯಾಸ ಮಾಡಿಸುತ್ತೆ. ನನ್ನ ತಕರಾರು ಶುರುವಾಗೋದು ಇಲ್ಲಿಂದ. ಥ್ರಿಲ್ಲರ್ ಆ ಚಡಪಡಿಕೆಯ ಜೊತೆ ಎರಡು ಅನುಕೂಲಗಳನ್ನೂ ಕೊಡುತ್ತೆ: ಖಳನಿಗೊಂದು ಮುಖ, ಕಥೆಗೊಂದು ಗಡಿಯಾರ. ಎರಡೂವರೆ ಗಂಟೆಯಲ್ಲಿ ಏನೋ ಒಂದು ಇತ್ಯರ್ಥ. ಲೋಕ ಹಾಗಿಲ್ಲ. ‘ಆಕ್ಸಿಡೆಂಟ್’ ಮಾಡಿದ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲೇ ಹೋದರು. ಅದೂ ನಮ್ಮ ಹೆದ್ದಾರಿಯಲ್ಲಿ, ಆನಗೋಡಿನ ಹತ್ತಿರ. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು. ಅವರಿಗೆ ಮೂವತ್ತೈದು ವರ್ಷ. ಅಲ್ಲಿ ಸಂಚೂ ಇರಲಿಲ್ಲ, ಕ್ಲೈಮ್ಯಾಕ್ಸೂ ಇರಲಿಲ್ಲ, ಬರೀ ಸಾವು.

ರಾಜಕೀಯದ ದೊಡ್ಡ ನೋವುಗಳೂ ಬಹುಪಾಲು ಮುಖವಿಲ್ಲದವೇ. ಹೊಳಲ್ಕೆರೆ ಕಡೆ ಬೋರು ಬತ್ತಿ, ಟ್ಯಾಂಕರ್ ನೀರು ತಂದು ಅಡಿಕೆ ಗಿಡ ಉಳಿಸಿಕೊಂಡವರಿದ್ದಾರೆ. ಹೊಸದುರ್ಗದಲ್ಲಿ ತೆಂಗಿನ ತೋಟ ಒಣಗಿದ್ದನ್ನ ಕಂಡವರಿದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಯ ಹೆಸರು ಕೇಳುತ್ತಲೇ ನಮ್ಮ ಇಡೀ ತಲೆಮಾರು ಬೆಳೆದಿದೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯ್ತು. ಘೋಷಣೆಯಾದ ದಿನ ಎಲ್ಲರೂ ಸ್ಟೇಟಸ್ ಹಾಕಿದೆವು. ಆಮೇಲೆ ಕಡತ ಎಲ್ಲಿಗೆ ಹೋಯ್ತು ಅಂತ ಹಿಂದೆ ಬಿದ್ದವರು ಎಷ್ಟು ಜನ? ಕಡತಕ್ಕೆ ಹಿನ್ನೆಲೆ ಸಂಗೀತ ಇರಲ್ಲ ನೋಡಿ. ಗಡಿಯಾರ ಟಿಕ್ ಟಿಕ್ ಅನ್ನದಿದ್ದರೆ ನಮಗೆ ನಿದ್ದೆ.

ನಿಧಾನದ ಸಂಗತಿಗಳು ಬೋರು, ಜನಕ್ಕೆ ಹಿಡಿಸಲ್ಲ ಅಂತ ಯಾರಾದರೂ ವಾದಿಸಬಹುದು. ಅವರಿಗೆ ಹಿರಿಯೂರನ್ನ ತೋರಿಸ್ತೀನಿ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದಿರಲಿಲ್ಲ. 2022ರ ಮಳೆಗಾಲದಲ್ಲಿ ನೀರು ಏರತೊಡಗಿದಾಗ ಜಿಲ್ಲೆಗೆ ಜಿಲ್ಲೆಯೇ ಉಗುರು ಕಚ್ಚುತ್ತಾ ಕೂತಿತ್ತು. ‘ಇವತ್ತೆಷ್ಟು ಅಡಿ?’ ಅನ್ನೋದೇ ಮಾತು. ನನ್ನಂಥವರು ಬೆಂಗಳೂರಿನಲ್ಲಿ ಮೀಟಿಂಗ್ ನಡುವೆ ಫೋನ್ ತೆಗೆದು ನೋಡ್ತಿದ್ದೆವು. 130 ಅಡಿ ಮುಟ್ಟಿ, 89 ವರ್ಷದ ನಂತರ ಸೆಪ್ಟೆಂಬರ್‌ನಲ್ಲಿ ಕೋಡಿ ಹರಿದಾಗ ಜನ ಗುಂಪುಗುಂಪಾಗಿ ನೋಡೋಕೆ ಹೋದರು. ಅಲ್ಲಿ ಖಳನೂ ಇರಲಿಲ್ಲ, ಬಾಂಬೂ ಇರಲಿಲ್ಲ. ದಿನಕ್ಕಿಷ್ಟು ಅಂತ ಏರೋ ನೀರು, ಆ ನೀರಿನ ಮೇಲೆ ಬದುಕು ಕಟ್ಟಿಕೊಂಡ ಜನ. ಅಷ್ಟು ಸಾಕಾಯ್ತು.

ಹಾಗಾಗಿ ಥ್ರಿಲ್ಲರ್ ನೋಡಬೇಡಿ ಅಂತ ನಾನು ಹೇಳಲ್ಲ, ನಾನೂ ಬಿಡಲ್ಲ. ಕೇಳೋದಿಷ್ಟೇ: ನೀರಿನ ಮಟ್ಟವನ್ನ ದಿನಾ ಕೇಳಿದ ನಮಗೆ, ಕಾಲುವೆ ಎಷ್ಟು ಕಿಲೋಮೀಟರ್ ಬಂತು, ದುಡ್ಡು ಎಷ್ಟು ಬಿಡುಗಡೆಯಾಯ್ತು ಅಂತ ತಿಂಗಳಿಗೊಮ್ಮೆಯಾದರೂ ಕೇಳೋಕೆ ಆಗಲ್ವಾ? ಈ ಕಥೆಯ ಕೊನೆಯನ್ನ ಇನ್ನೂ ಯಾರೂ ಬರೆದಿಲ್ಲ. ಸ್ಪಾಯ್ಲರ್‌ನ ಭಯವಂತೂ ಇಲ್ಲ.