ಒಗ್ಗಟ್ಟು ಯಾರಿಗೆ ಧರ್ಮ, ಯಾರಿಗೆ ದೋಷ?

ಸದ್ಭಕ್ತರಲ್ಲಿ, ಮಠದ ಪ್ರಸಾದವನ್ನುಂಡು ವಿದ್ಯೆ ಕಲಿತ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ಒಂದು ಪ್ರಶ್ನೆಯನ್ನು ಇಡಬೇಕೆಂದಿದ್ದೇನೆ. ಒಂದು ವರ್ಗದ ಜನರು ತಮ್ಮ ಆರ್ಥಿಕ ಏಳಿಗೆಗಾಗಿ, ತಮಗೆ ಸಲ್ಲಬೇಕಾದ ಗೌರವಕ್ಕಾಗಿ ತಮ್ಮತಮ್ಮೊಳಗೆ ಒಂದಾಗುವುದು ಧರ್ಮಸಮ್ಮತವೇ? ಎಲ್ಲರೂ ಸಮಾನರೆಂದು ಒಪ್ಪಿದ ಮೇಲೆ ಬೇರೆಬೇರೆ ಗುಂಪು ಕಟ್ಟಿಕೊಳ್ಳುವುದು ಆ ಸಮತೆಗೇ ವಿರುದ್ಧವಲ್ಲವೇ? ಪ್ರಶ್ನೆ ಹಳೆಯದು. ಆದರೆ 2022ರ ಜುಲೈ ಮೊದಲ ವಾರದಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಪೊರಕೆಗಳನ್ನು ಕೆಳಗಿಟ್ಟು ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತಾಗ ಅದಕ್ಕೆ ಹೊಸದೊಂದು ಮುಖ ಬಂದಿತು. ಜಯನಗರ, ಬನಶಂಕರಿಗಳ ಉದ್ಯಾನಗಳಲ್ಲಿ ಬೆಳಗಿನ ವಾಯುಸೇವನೆಗೆ ಬಂದ ನಮ್ಮಂಥವರ ಬಾಯಿಂದ ಆಗ ಹೊರಟ ಮಾತು, "ಇವರಿಗೂ ಒಂದು ಸಂಘವೇ?" ಎಂಬುದಾಗಿತ್ತು.

ಆ "ಇವರಿಗೂ" ಎಂಬ ಒಂದು ಪದ ನಮ್ಮನ್ನು ನಾವೇ ನೋಡಿಕೊಳ್ಳುವಂತೆ ಮಾಡಬೇಕು. ಏಕೆಂದರೆ ಸಂಘ ಕಟ್ಟಿ ಮೇಲೆ ಬಂದವರಲ್ಲಿ ನಾವೇ ಮೊದಲಿಗರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲುಮಕ್ಕಳನ್ನು ಕೂಡಿಸಿ ಸಹಕಾರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಬಡ್ಡಿಯ ಮುಂದೆ ಒಬ್ಬೊಬ್ಬ ರೈತನೂ ಒಂಟಿ. ಹತ್ತು ಜನ ಕೂಡಿದರೆ ಅವರೇ ಒಂದು ಪೇಟೆ ಎಂಬ ಸರಳ ಲೆಕ್ಕ ಅವರದು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ಮಠಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿಗೆ ಹೋಗಿ ಕಾಳುಕಡಿ ಕೂಡಿಸಿ, ಹಳ್ಳಿಯ ಹುಡುಗರಿಗೆ ಪಟ್ಟಣದಲ್ಲಿ ಪ್ರಸಾದ ನಿಲಯಗಳನ್ನು ತೆರೆದವು. ಇಂದು ಜೆ.ಪಿ. ನಗರದಲ್ಲಿಯೋ ಬಿ.ಟಿ.ಎಂ. ಬಡಾವಣೆಯಲ್ಲಿಯೋ ಸ್ವಂತ ಮನೆ ಕಟ್ಟಿಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅಂಥ ಜೋಳಿಗೆಯ ಅನ್ನದಿಂದ ಓದಿದವರಲ್ಲ? ಅದನ್ನು ನಾವು ಗುಂಪುಗಾರಿಕೆ ಎನ್ನಲಿಲ್ಲ. ಸಮಾಜಸೇವೆ ಎಂದೆವು, ಜಾಗೃತಿ ಎಂದೆವು. ಹಾಗೆ ಅಂದದ್ದು ಸರಿಯೇ. ಅದೇ ಕೆಲಸವನ್ನು ಬೀದಿ ಗುಡಿಸುವ ತಾಯಂದಿರು ಮಾಡಿದಾಗ ಮಾತ್ರ ಅದು ನಮಗೆ ಗಲಾಟೆಯಾಗಿ ಕಂಡಿತೇಕೆ?

ಜಯನಗರಕ್ಕೆ 1948ರಲ್ಲಿ ರಾಜಗೋಪಾಲಾಚಾರಿಯವರು ಶಂಕುಸ್ಥಾಪನೆ ಮಾಡಿದರೆಂದು ಅಶೋಕಸ್ತಂಭವನ್ನು ತೋರಿಸಿ ಅಭಿಮಾನದಿಂದ ಹೇಳುತ್ತೇವೆ. ಅಗಲವಾದ ಬೀದಿ, ಸಾಲುಮರ, ಅಚ್ಚುಕಟ್ಟು. ಆ ಸಾಲುಮರಗಳ ತರಗೆಲೆಯನ್ನು ದಿನದಿನವೂ ಗುಡಿಸಿ ಆ ಅಚ್ಚುಕಟ್ಟನ್ನು ಉಳಿಸಿರುವವರು ಬಹುಮಟ್ಟಿಗೆ ದಲಿತ ಮಹಿಳೆಯರು. ಹಿಂದೆ ಅವರನ್ನು ಜಾಡಮಾಲಿಗಳೆನ್ನುತ್ತಿದ್ದರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು; ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿಯು ಈ ಕಾರ್ಮಿಕರ ಬದುಕನ್ನು ಪರಿಶೀಲಿಸಿ ವರದಿ ನೀಡಿತು. ಹೆಸರು ಗೌರವದ್ದಾಯಿತು. ಆದರೆ ಮುಂದೆ ನಗರ ಬೆಳೆದಂತೆ ಗುತ್ತಿಗೆ ಪದ್ಧತಿ ಬಂದಿತು. ಆಕೆ ಗುಡಿಸುವುದು ಪಾಲಿಕೆಯ ಬೀದಿ, ಆಕೆ ಮಾತ್ರ ಪಾಲಿಕೆಯ ನೌಕರಳಲ್ಲ!

ಈ ಪದ್ಧತಿಯ ಒಳಗುಟ್ಟನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಂಬಳ ತಡವಾದರೆ ಪಾಲಿಕೆಯು ಗುತ್ತಿಗೆದಾರನ ಕಡೆಗೆ ಕೈತೋರಿಸುತ್ತಿತ್ತು, ಗುತ್ತಿಗೆದಾರನು ಪಾಲಿಕೆಯ ಕಡೆಗೆ. ಭವಿಷ್ಯನಿಧಿಯ ಹಣ ಸಂಬಳದಿಂದ ಹಿಡಿಯಲ್ಪಟ್ಟರೂ ಖಾತೆಗೆ ಸೇರಲಿಲ್ಲವೆಂಬ ದೂರುಗಳು ಎದ್ದವು. ಬೀದಿಯಲ್ಲಿ ಇಲ್ಲದವರ ಹೆಸರುಗಳು ಹಾಜರಿ ಪಟ್ಟಿಯಲ್ಲಿದ್ದುವೆಂಬ ದೂರೂ ಇತ್ತು. ಇಲ್ಲದವರ ಪಾಲಿನ ಬೀದಿಯನ್ನು ಗುಡಿಸಿದವರು ಇದ್ದವರೇ ಎಂದು ಬೇರೆ ಹೇಳಬೇಕಾಗಿಲ್ಲ. ಇಷ್ಟಾದರೂ ಒಬ್ಬಾಕೆ ತಾನೊಬ್ಬಳೇ ನಿಂತು ಕೇಳಿದರೆ ಬರುವ ಉತ್ತರ ಒಂದೇ: "ನಾಳೆಯಿಂದ ಬರಬೇಡ." ಆ ನಾಲ್ಕಕ್ಷರದ ಭಯದ ಮೇಲೆ ಇಡೀ ವ್ಯವಸ್ಥೆ ನಿಂತಿತ್ತೆಂದರೆ ಅತಿಶಯವಲ್ಲ. ಒಬ್ಬಳನ್ನು ಬಿಡಿಸಬಹುದು, ಬಡಾವಣೆಯ ಬೀದಿಗಳೆಲ್ಲ ಒಮ್ಮೆಗೇ ಖಾಲಿಯಾದರೆ ಯಾರನ್ನು ಬಿಡಿಸುವುದು? ಅವರ ಒಗ್ಗಟ್ಟು ಯಾವ ಸಿದ್ಧಾಂತದಿಂದಲೂ ಮೊದಲು ಹುಟ್ಟಿದ್ದಲ್ಲ, ಈ ಅನುಭವದಿಂದ ಹುಟ್ಟಿದ್ದು.

ವರ್ಷಗಳ ಹೋರಾಟದ ಮೇಲೆ 2017ರಲ್ಲಿ ಗುಡಿಸುವವರ ಮಟ್ಟಿಗೆ ಗುತ್ತಿಗೆಯನ್ನು ಕೈಬಿಟ್ಟು ನೇರವಾಗಿ ವೇತನ ಕೊಡುವ ತೀರ್ಮಾನವಾಯಿತು. ಅದಾದ ಮರುವರ್ಷವೇ, ತಿಂಗಳುಗಟ್ಟಲೆ ಸಂಬಳ ಕಾಣದ ಒಬ್ಬ ಪೌರಕಾರ್ಮಿಕನು ಈ ನಗರದಲ್ಲಿ ಪ್ರಾಣ ಕಳೆದುಕೊಂಡನು. 2022ರ ಮುಷ್ಕರ ನಾಲ್ಕು ದಿನ ನಡೆಯಿತು. ಕಾಯಂ ಮಾಡುವ ಭರವಸೆ ದೊರೆಯಿತು. ಕೊನೆಗೆ 2025ರ ಮೇ 1ರಂದು ಬೆಂಗಳೂರಿನ 12,692 ಮಂದಿ ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಆದೇಶ ಕೈಸೇರಿತು. ಎಷ್ಟೋ ಮಂದಿಗೆ ಅದು ಸಿಕ್ಕಿದ್ದು ಹತ್ತಿಪ್ಪತ್ತು ವರ್ಷ ಬೀದಿ ಗುಡಿಸಿದ ಮೇಲೆ.

ಇದು ನಮ್ಮ ನಾಡಿನ ಜಾತಿಯ ಕಥೆ ಮಾತ್ರವೆಂದು ವಾಚಕರು ಭಾವಿಸಬಾರದು. ಕಸವನ್ನು ಒಂದು ಜನಾಂಗದ ತಲೆಗೆ ಕಟ್ಟುವ ಬುದ್ಧಿ ಕಡಲಾಚೆಯೂ ಇತ್ತು. ಅಮೆರಿಕದ ದಕ್ಷಿಣ ಭಾಗದ ಮೆಂಫಿಸ್ ನಗರದಲ್ಲಿ ಕಸ ಹೊರುವವರು ಕರಿಯರು, ಅವರ ಮೇಲಿನವರು ಬಿಳಿಯರು. ದಿನವಿಡೀ ದುಡಿದರೂ ಸಂಸಾರ ಸಾಗದೆ ಅನೇಕರು ಬಡವರಿಗೆಂದು ಸರ್ಕಾರ ಕೊಡುವ ನೆರವಿಗೆ ಕೈಯೊಡ್ಡಬೇಕಾಗಿತ್ತು. 1968ರ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಗಾಡಿಯ ಹಿಂಬದಿಯಲ್ಲಿ ಆಶ್ರಯ ಪಡೆದ ಎಕಾಲ್ ಕೋಲ್, ರಾಬರ್ಟ್ ವಾಕರ್ ಎಂಬಿಬ್ಬರು ಆ ಗಾಡಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಫೆಬ್ರವರಿ 12ರಿಂದ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ನಗರದ ಮೇಯರು ಅವರ ಸಂಘವನ್ನು ಮಾನ್ಯಮಾಡಲು ಒಪ್ಪಲಿಲ್ಲ. ಆಗ ಕರಿಯರ ಸಮಾಜವೆಲ್ಲ ಅವರ ಬೆನ್ನಿಗೆ ನಿಂತಿತು; ಚರ್ಚುಗಳಲ್ಲಿ ಹಣ ಕೂಡಿತು; ಪೇಟೆಯ ಅಂಗಡಿಗಳಲ್ಲಿ ಅವರು ವ್ಯಾಪಾರ ನಿಲ್ಲಿಸಿದರು. ತಮ್ಮ ಕೈಯಲ್ಲಿ ಅಧಿಕಾರವಿಲ್ಲದಿದ್ದರೂ ತಮ್ಮ ಜೇಬಿನಲ್ಲಿರುವ ನಾಲ್ಕು ಕಾಸಿಗೂ ಒಗ್ಗಟ್ಟಿನಿಂದ ತೂಕ ಬರುವುದೆಂದು ಅವರು ಅರಿತಿದ್ದರು. ಮೆರವಣಿಗೆಯಲ್ಲಿ ಅವರು ಕೊರಳಿಗೆ ಹಾಕಿಕೊಂಡ ಫಲಕದಲ್ಲಿ ಸಂಬಳದ ಮಾತೇ ಇರಲಿಲ್ಲ. "ನಾನೊಬ್ಬ ಮನುಷ್ಯ" ಎಂದಷ್ಟೇ ಬರೆದಿತ್ತು. ಅವರಿಗೆ ಬೆಂಬಲವಾಗಿ ಬಂದ ಮಾರ್ಟಿನ್ ಲೂಥರ್ ಕಿಂಗರು ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಏಪ್ರಿಲ್ 16ರಂದು ನಗರಾಡಳಿತವು ಸಂಘವನ್ನು ಒಪ್ಪಿಕೊಂಡು ವೇತನ ಹೆಚ್ಚಿಸಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಒಂದು ಸಮುದಾಯದ ಒಗ್ಗಟ್ಟು ಕಾಲಕ್ರಮದಲ್ಲಿ ಇನ್ನೊಬ್ಬರನ್ನು ಹೊರಗಿಡುವ ಕೋಟೆಯಾಗುವುದಿಲ್ಲವೇ? ಆಗುತ್ತದೆ. ನಮ್ಮವರು ಕಟ್ಟಿದ ಸಂಸ್ಥೆಗಳಲ್ಲಿಯೂ, ಆಡಳಿತ ಮಂಡಳಿಯ ಚುನಾವಣೆ ಬಂತೆಂದರೆ ಒಳಪಂಗಡಗಳ ಲೆಕ್ಕ ಹೊರಬರುವುದನ್ನು ಬಲ್ಲವರು ಬಲ್ಲರು. ಆದುದರಿಂದ ಒಗ್ಗಟ್ಟೆಂಬುದು ತನ್ನಷ್ಟಕ್ಕೆ ತಾನೇ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಮುಚ್ಚಿದ ಬಾಗಿಲನ್ನು ತೆರೆಸಲು ಹೊರಗಿನವರು ಒಂದಾಗುವುದು ಬೇರೆ. ತೆರೆದ ಬಾಗಿಲನ್ನು ಮುಚ್ಚಲು ಒಳಗಿನವರು ಒಂದಾಗುವುದು ಬೇರೆ. ಎರಡಕ್ಕೂ ಸಂಘ ಎಂಬ ಒಂದೇ ಹೆಸರಿರುವುದರಿಂದ ನಾವು ಮೋಸಹೋಗುತ್ತೇವೆ. ಸಮತೆಯ ಹೆಸರಿನಲ್ಲಿ, ಕೆಳಗಿರುವವನಿಗೆ "ನೀನು ಗುಂಪು ಕಟ್ಟಬೇಡ" ಎಂದು ಹೇಳಿದರೆ, ಈಗಾಗಲೇ ಮೇಲಿರುವವನ ಗುಂಪು ಮಾತ್ರ ಉಳಿಯುತ್ತದೆ.

ಇನ್ನೊಂದು ಮಾತು ನಮಗೆ ಹೆಚ್ಚು ಹತ್ತಿರದ್ದು. ನಮ್ಮಲ್ಲಿ ದಾನಕ್ಕೆ ಕೊರತೆಯಿಲ್ಲ. ದೀಪಾವಳಿಗೆ ಗುಡಿಸುವಾಕೆಗೆ ಹಳೆಯ ಸೀರೆ, ಸಿಹಿಯ ಪೊಟ್ಟಣ, ಐವತ್ತೋ ನೂರೋ ರೂಪಾಯಿ ಕೊಟ್ಟು ತೃಪ್ತರಾಗುತ್ತೇವೆ. ಆಕೆ ಕೈಯೊಡ್ಡಿದಾಗ ನಮಗೆ ಕರುಣೆ ಬರುತ್ತದೆ. ಆಕೆಯೇ ಸಂಘದ ರಸೀದಿ ಹಿಡಿದು ಸಲ್ಲಬೇಕಾದ ಸಂಬಳ ಕೇಳಿದಾಗ ಸಿಟ್ಟು ಬರುತ್ತದೆ! ದಾನ ಮತ್ತು ದಾಸೋಹಗಳ ಭೇದವನ್ನು ಮಠದಲ್ಲಿ ಕಲಿತವರಿಗೆ ನಾನು ವಿವರಿಸಬೇಕಾಗಿಲ್ಲ. ಕೊಡುವವನು ಮೇಲು, ಕೊಳ್ಳುವವನು ಕೀಳು ಎಂಬ ಭಾವ ಉಳಿದಿರುವವರೆಗೆ ಅದು ದಾಸೋಹವಾಗದು.

ಕಾಯಕದ ವಿಷಯವೂ ಹಾಗೆಯೇ. ಶರಣರ ಗಣದಲ್ಲಿ ಕಸಗುಡಿಸುವ ಕಾಯಕದ ಸತ್ಯಕ್ಕನಿಗೆ ಸ್ಥಾನವಿತ್ತೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ನುಡಿಯುತ್ತೇವೆ. ಆದರೆ ಕಾಯಕದ ಮಹಿಮೆಯನ್ನು ಪೊರಕೆ ಹಿಡಿದವಳಿಗೆ ಪೊರಕೆ ಹಿಡಿಯದವನು ಉಪದೇಶಿಸಿದರೆ ಅದು "ನೀನು ಅಲ್ಲೇ ಇರು" ಎಂಬ ಅರ್ಥವನ್ನು ಪಡೆಯುತ್ತದೆ. ಸತ್ಯಕ್ಕ ಅನುಭವ ಮಂಟಪದಲ್ಲಿ ಕುಳಿತು ಮಾತನಾಡಿದವಳು. ಆಕೆಯ ಮಾತಿಗೆ ಬೆಲೆಯಿತ್ತು. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಗಳಲ್ಲಿ ಕಸದ ವಿಲೇವಾರಿಯನ್ನು ಕುರಿತು ಗಂಟೆಗಟ್ಟಲೆ ಚರ್ಚೆ ನಡೆದರೂ, ಆ ಕಸವನ್ನು ಎತ್ತುವವರೊಬ್ಬರಿಗೆ ಅಲ್ಲಿ ಕುರ್ಚಿ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಕಾಯಂ ನೌಕರಿ ದೊರೆತುದರಿಂದ ಆಕೆಯ ಮಗಳು ಓದಿ ಬೇರೆ ಕಾಯಕವನ್ನು ಆರಿಸಿಕೊಳ್ಳುವಂತಾದರೆ ಆಗ ಈ ಹೋರಾಟದ ಅರ್ಧ ಗೆದ್ದಂತೆ. ಮಿಕ್ಕ ಅರ್ಧ, ಹುಟ್ಟಿನಿಂದ ಆ ಕೆಲಸಕ್ಕೆ ಸೇರದ ಮನೆಗಳಿಂದಲೂ ಅದಕ್ಕೆ ಜನ ಬರುವ ದಿನದಲ್ಲಿದೆ.

2025ರ ಆ ಪಟ್ಟಿ ಗುಡಿಸುವವರದು. ಮನೆಮನೆಯ ಬಾಗಿಲಿಗೆ ಬಂದು ಕಸ ಪಡೆಯುವ ಆಟೋಗಳ ಚಾಲಕರು, ಸಹಾಯಕರು ಅದರಲ್ಲಿರಲಿಲ್ಲ; ಆದುದರಿಂದ ಸಂಘಗಳ ಕೆಲಸ ಮುಗಿಯಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಭವಿಷ್ಯನಿಧಿಯ ಕಾಗದಪತ್ರಗಳನ್ನು ಓದಬಲ್ಲ ನಿವೃತ್ತ ಅಧಿಕಾರಿಗಳಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಈ ಕಾರ್ಮಿಕರ ಕಾಗದಪತ್ರಗಳನ್ನು ನೋಡಿಕೊಡಬಹುದು. ನಮ್ಮ ಕಲ್ಯಾಣಮಂಟಪಗಳ ಶೌಚಾಲಯ, ಕುಡಿಯುವ ನೀರು ಬೆಳಗಿನ ಹೊತ್ತು ಅವರಿಗೆ ತೆರೆದಿರಬಹುದು. ಅದಕ್ಕೆ ಯಾರ ಠರಾವೂ ಬೇಕಿಲ್ಲ, ಬೀಗದ ಕೈ ಇರುವವರು ಮನಸ್ಸು ಮಾಡಿದರೆ ಸಾಕು. ಆದರೆ ಅವರ ಸಂಘವನ್ನು ನಾವು ನಡೆಸಿಕೊಡುತ್ತೇವೆಂದು ಹೊರಡುವುದು ಬೇಡ. ಅದನ್ನು ಅವರು ನಮ್ಮನ್ನು ಕೇಳದೆಯೇ ಕಟ್ಟಿದ್ದಾರೆ.