ಎಚ್ಚರಗೇಡಿತನವೂ ಹಿಂಸೆಯೇ

ರೇಸಿಗೆ ಇಳಿಯುವ ಮೋಟಾರ್‌ಸೈಕಲ್ಲಿನ ಮುಂದಿನ ಬ್ರೇಕ್ ಕ್ಯಾಲಿಪರನ್ನು ಫೋರ್ಕಿಗೆ ಹಿಡಿದಿಡುವುದು ಸಾಮಾನ್ಯವಾಗಿ ಎರಡೇ ಎರಡು ಬೋಲ್ಟು. ಅವುಗಳ ತಲೆಗೆ ಸಣ್ಣ ತೂತು ಕೊರೆದು, ಸುಮಾರು 0.8 ಮಿ.ಮೀ. ದಪ್ಪದ ಸ್ಟೀಲ್ ತಂತಿ ಪೋಣಿಸಿ, ಹುರಿಮಾಡಿ, ಒಂದಕ್ಕೊಂದು ಬಿಗಿಯಬೇಕು ಎಂಬುದು ಅನೇಕ ರೇಸುಗಳಲ್ಲಿರುವ ನಿಯಮ. ತಂತಿ ಹಾಯುವ ದಿಕ್ಕೂ ಮುಖ್ಯ. ಒಂದು ಬೋಲ್ಟು ಸಡಿಲವಾಗುವ ಕಡೆಗೆ ತಿರುಗಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ಕಡೆಗೇ ಎಳೆಯಬೇಕು. ದಿಕ್ಕು ತಪ್ಪಿದರೆ ತಂತಿ ಇದ್ದೂ ಇಲ್ಲದ ಹಾಗೆ. ತಪಾಸಣೆ ಮಾಡುವವರು ಒಪ್ಪದಿದ್ದರೆ ಗಾಡಿ ಟ್ರ್ಯಾಕಿಗೆ ಇಳಿಯುವಂತಿಲ್ಲ. ಇದು ಬರೀ ಮೆಕಾನಿಕ್ಕಿನ ಕೆಲಸದ ವಿಚಾರ ಎಂದು ತೋರಬಹುದು. ಆದರೆ ಇದರೊಳಗೆ ಧರ್ಮದ ಒಂದು ಹಳೆಯ ಪ್ರಶ್ನೆಯಿದೆ. ತಂತಿ ಕಟ್ಟದೆ ಗಾಡಿ ಓಡಿಸಿ, ಬೋಲ್ಟು ಬೀಳದೆ, ಸವಾರ ಸುಖವಾಗಿ ಹಿಂತಿರುಗಿದರೆ ಅಲ್ಲಿ ತಪ್ಪು ನಡೆದಿದೆಯೇ? ‘ಏನೂ ಆಗಲಿಲ್ಲವಲ್ಲ’ ಎಂದು ನಮ್ಮ ಲೋಕರೂಢಿ ಕೈತೊಳೆದುಕೊಳ್ಳುತ್ತದೆ. ತಪ್ಪು ನಡೆದಿದೆ, ಅದರ ಹೆಸರು ಹಿಂಸೆ ಎಂಬುದು ನನ್ನ ವಾದ.

ಈ ವಾದಕ್ಕೆ ಆಧಾರ ಹುಡುಕಿ ನಮ್ಮ ಹಾಸನ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಸಾವಿರ ವರ್ಷಕ್ಕೂ ಮೀರಿ ಕಾಪಾಡಿಕೊಂಡು ಬಂದಿರುವುದು ವಿಂಧ್ಯಗಿರಿಯ ಮೇಲಿನ ಗೊಮ್ಮಟನೊಬ್ಬನನ್ನೇ ಅಲ್ಲ, ಅಹಿಂಸೆಯ ಬಗ್ಗೆ ಬಹಳ ಕಟ್ಟುನಿಟ್ಟಾದ ಒಂದು ಜೈನ ವಿಚಾರವನ್ನು ಕೂಡ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ನಿಲ್ಲಿಸುವುದಿಲ್ಲ. ಪ್ರಮಾದದಿಂದ, ಅಂದರೆ ಮೈಮರೆವಿನ ನಡವಳಿಕೆಯಿಂದ ಆಗುವ ಪ್ರಾಣಹಾನಿ ಎನ್ನುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೀವ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆ ಖಚಿತ. ಎಚ್ಚರದಿಂದ ನಡೆದವನ ಕಾಲಡಿ ಜೀವ ಸತ್ತರೂ ಅಷ್ಟರಿಂದಲೇ ಅವನಿಗೆ ಕರ್ಮಬಂಧವಿಲ್ಲ. ಪೂಜ್ಯಪಾದರ ಸರ್ವಾರ್ಥಸಿದ್ಧಿ ಉಮಾಸ್ವಾತಿಯ ಆ ಸೂತ್ರವನ್ನು ವಿವರಿಸುವಾಗ ಇದೇ ಮಾತನ್ನು ಮುಂದಿಡುತ್ತದೆ. ಹೀಗೆ ನೋಡಿದರೆ ಬೋಲ್ಟು ಬೀಳುವುದು, ಬೀಳದಿರುವುದು ಕಂಪನಕ್ಕೆ, ಬ್ರೇಕಿನ ಬಿಸಿಗೆ, ಆ ದಿನದ ಓಟಕ್ಕೆ ಬಿಟ್ಟ ವಿಷಯ. ಕಟ್ಟಬೇಕಾದ ತಂತಿಯನ್ನು ಕಟ್ಟದೆ ಬಿಟ್ಟ ಗಳಿಗೆಯಲ್ಲೇ ತಪ್ಪು ಮುಗಿದುಹೋಗಿದೆ.

ಹಾಗಾದರೆ ಮನಸ್ಸಿನಲ್ಲಿ ಎಚ್ಚರವಿದ್ದರೆ ಸಾಕಲ್ಲ, ಕೈಯಾರೆ ಬಿಗಿದ ಅನುಭವಿ ಮೆಕಾನಿಕ್ಕಿಗೆ ತಂತಿ ಯಾಕೆ ಎಂದು ಕೇಳಬಹುದು. ತೂಕದ ಪ್ರಶ್ನೆಯೇ. ಆದರೆ ಜೈನ ಪರಂಪರೆ ಎಚ್ಚರವನ್ನು ಮನಸ್ಸಿಗೆ ಮಾತ್ರ ಒಪ್ಪಿಸಿ ಸುಮ್ಮನಾಗಲಿಲ್ಲ. ಮುನಿಗಳ ಕೈಗೆ ನವಿಲುಗರಿಯ ಪಿಂಛಿ ಕೊಟ್ಟಿತು. ಕೂರುವ ಮೊದಲು ನೆಲವನ್ನು ಅದರಿಂದ ಮೃದುವಾಗಿ ಸವರಬೇಕು, ನಡೆಯುವಾಗ ಮುಂದಿನ ಕೆಲವು ಮೊಳದಷ್ಟು ನೆಲವನ್ನು ನೋಡಿಯೇ ಹೆಜ್ಜೆ ಇಡಬೇಕು. ದಯೆ ಎಷ್ಟೇ ಇದ್ದರೂ ಅದು ಕೈಗೆ, ಕಾಲಿಗೆ ಇಳಿಯಬೇಕು. ಅದಲ್ಲದೆ ಬಿಗಿದ ಬೋಲ್ಟು, ಬೆರಳಲ್ಲಿ ತಿರುಗಿಸಿ ಮರೆತ ಬೋಲ್ಟು ನೋಡುವವರ ಕಣ್ಣಿಗೆ ಒಂದೇ. ತಂತಿಯಿದ್ದರೆ ಮಾತ್ರ ಆ ಬೋಲ್ಟಿನ ಹತ್ತಿರ ಒಬ್ಬರು ಕೂತು ಕೆಲಸ ಮುಗಿಸಿ ಎದ್ದಿದ್ದಾರೆ ಎಂಬುದು ಎರಡನೆಯವರಿಗೆ ತಿಳಿಯುತ್ತದೆ. ಒಬ್ಬರ ಎಚ್ಚರವನ್ನು ಇನ್ನೊಬ್ಬರು ಪರೀಕ್ಷಿಸಲು ಬರುವಂತೆ ಮಾಡುವುದೇ ಈ ನಿಯಮದ ದೊಡ್ಡ ಗುಣ. ಅದರ ಮಿತಿಯನ್ನೂ ಹೇಳಬೇಕು. ತಂತಿ ಬೋಲ್ಟನ್ನು ಬಿಗಿಯುವುದಿಲ್ಲ. ಕಳಚಿ ಬೀಳದಂತೆ ತಡೆಯುತ್ತದೆ, ಅಷ್ಟೆ. ಟಾರ್ಕ್ ರೆಂಚಿನಿಂದ ಹೇಳಿದಷ್ಟು ಬಿಗಿಯದೆ ಮೇಲೆ ಚೆಂದವಾಗಿ ತಂತಿ ಸುತ್ತಿದರೆ ತಪಾಸಣೆಯಲ್ಲಿ ಪಾಸಾಗಬಹುದು. ಅದು ಭಾವವಿಲ್ಲದ ವ್ರತ. ಅಂಥ ವ್ರತಕ್ಕೆ ಶಾಸ್ತ್ರ ಯಾವತ್ತೂ ಬೆಲೆ ಕೊಟ್ಟಿಲ್ಲ.

ಹಣೆಯಲ್ಲಿ ಬರೆದದ್ದು ತಪ್ಪೀತೆ, ಕಾಯುವವನು ದೇವರು ಎನ್ನುವವರಿಗೆ ನಮ್ಮ ಸೀಮೆಯ ತೇರುಗಳೇ ಉತ್ತರ ಹೇಳುತ್ತವೆ. ಹೊಳೆನರಸೀಪುರದ ಲಕ್ಷ್ಮೀನರಸಿಂಹನ ತೇರೇ ಇರಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುಬ್ರಹ್ಮಣ್ಯನ ತೇರೇ ಇರಲಿ, ದೇವರು ಮೇಲೆ ಕೂತಿದ್ದಾನೆಂದು ಗಾಲಿಯ ಉಸ್ತುವಾರಿಯನ್ನು ಯಾರೂ ಅವನಿಗೇ ಬಿಡುವುದಿಲ್ಲ. ಜನ ಮಿಣಿ ಎಳೆಯುವಾಗ ಗಾಲಿಯ ಪಕ್ಕದಲ್ಲೇ ಬಗ್ಗಿ ನಡೆಯುತ್ತ, ಬೇಕಾದ ಕ್ಷಣಕ್ಕೆ ಮರದ ತುಂಡು ಕೊಟ್ಟು ತೇರನ್ನು ನಿಲ್ಲಿಸುವವರು ಇರಲೇಬೇಕು. ಅವರದು ಭಕ್ತಿಯ ಕೊರತೆ ಎಂದು ಯಾವ ಅರ್ಚಕರೂ ಹೇಳಿಲ್ಲ. ಜೇಡರ ದಾಸಿಮಯ್ಯನಂತೂ ಬಂಡಿಯ ಗಾಲಿ ಕಳಚದಂತೆ ಹಿಡಿಯುವ ಕಡೆಗೀಲನ್ನೇ ತನ್ನ ವಚನಕ್ಕೆ ತಂದು, ಶರಣರ ನುಡಿಯನ್ನು ಒಡಲೆಂಬ ಬಂಡಿಯ ಕಡೆಗೀಲು ಎಂದ. ಬೋಲ್ಟಿನ ತಂತಿ ಆ ಕಡೆಗೀಲಿನ ವಂಶದ್ದೇ. ಆಯುಧಪೂಜೆಯ ದಿನ ಹಾಸನದಿಂದ ಅರಕಲಗೂಡಿನವರೆಗೆ ಗ್ಯಾರೇಜುಗಳಲ್ಲಿ ಪಾನಾ, ಜಾಕುಗಳಿಗೆ ಕುಂಕುಮ ಹಚ್ಚಿ, ಗಾಡಿಗಳ ಗಾಲಿಯಡಿ ನಿಂಬೆಹಣ್ಣು ಇಡುತ್ತಾರೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ದುಡಿಯುವ ಉಪಕರಣವನ್ನು ಗೌರವಿಸುವ ಹಬ್ಬ ಅದು. ಆ ಗೌರವ ನಿಜವಾದರೆ ಪಾನಾ ಮಾಡಬೇಕಾದ ಕೆಲಸ ಮುಗಿದ ಮೇಲೆಯೇ ಅದಕ್ಕೆ ಕುಂಕುಮ ಏರಬೇಕು.

ಇಡೀ ರೇಸೇ ಪ್ರಾಣದ ಜೊತೆಗಿನ ಆಟವಾಗಿರುವಾಗ ಒಂದು ಬೋಲ್ಟಿಗೆ ಅಹಿಂಸೆಯ ಮಾತೇಕೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಮುನಿಗಳ ಮಹಾವ್ರತದಿಂದ ಅಳೆದರೆ ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಗೃಹಸ್ಥರಿಗೆ ಹೇಳಿರುವುದು ಅಣುವ್ರತ. ಬೇಸಾಯದಲ್ಲಿ, ಕಸುಬಿನಲ್ಲಿ, ಅಡುಗೆಮನೆಯಲ್ಲಿ ಒಂದಿಷ್ಟು ಹಾನಿ ತಪ್ಪದು ಎಂದು ಒಪ್ಪಿ, ತಪ್ಪಿಸಬಹುದಾದದ್ದನ್ನು ತಪ್ಪಿಸು ಎನ್ನುವ ವ್ರತ ಅದು. ಸವಾರ ವೇಗದ ಅಪಾಯವನ್ನು ತಿಳಿದು ಒಪ್ಪಿದ್ದಾನೆ. ತನ್ನ ಮೆಕಾನಿಕ್ಕಿನ ಮರೆವನ್ನು ಒಪ್ಪಿಲ್ಲ. ಅವನ ಹಿಂದೆ ಬರುವವರಂತೂ ಟ್ರ್ಯಾಕಿನ ಮೇಲೆ ಬಿದ್ದ ಇನ್ನೊಬ್ಬರ ಬೋಲ್ಟನ್ನು ಖಂಡಿತ ಒಪ್ಪಿಲ್ಲ. ದೇಹವೇ ಮಿಥ್ಯೆ, ಬೋಲ್ಟಿನ ಚಿಂತೆ ಎಲ್ಲಿಯದು ಎಂದು ವೇದಾಂತದ ಕಡೆಯಿಂದಲೂ ಜಾರಿಕೊಳ್ಳಲಾಗದು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದಿಂದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಕನ್ನಡಕ್ಕೆ ತಂದ ಶಾಂಕರ ಭಾಷ್ಯಗಳನ್ನು ಓದಿದವರಿಗೆ ಗೊತ್ತು, ಜ್ಞಾನ ಹುಟ್ಟುವವರೆಗೂ ವ್ಯವಹಾರದ ಸರಿತಪ್ಪುಗಳು ಅಳಿಸಿಹೋಗುವುದಿಲ್ಲ.

ರಸ್ತೆಯ ಬೈಕುಗಳ ಬೋಲ್ಟಿಗೆ ಸಾಮಾನ್ಯವಾಗಿ ತೂತು ಕೊರೆದಿರುವುದಿಲ್ಲ, ತಂತಿಯ ನಿಯಮವೂ ಅಲ್ಲಿಲ್ಲ. ಹಾಗೆಂದು ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರ ಜೀವ ರೇಸಿನವರ ಜೀವಕ್ಕಿಂತ ಅಗ್ಗವೇನಲ್ಲ. ಬ್ರೇಕ್ ಪ್ಯಾಡ್ ಬದಲಿಸಲು ಕ್ಯಾಲಿಪರ್ ಬಿಚ್ಚಿದಾಗಲೆಲ್ಲ ಕಂಪನಿ ಹೇಳಿದ ಟಾರ್ಕಿಗೆ ಬಿಗಿದು, ಬೋಲ್ಟಿನ ತಲೆಯಿಂದ ಕ್ಯಾಲಿಪರಿನ ಮೈಗೆ ಬಣ್ಣದ ಒಂದು ಗೆರೆ ಎಳೆಯುವುದನ್ನು ನಮ್ಮ ಗ್ಯಾರೇಜುಗಳು ರೂಢಿಸಿಕೊಳ್ಳಬೇಕು. ಬೋಲ್ಟು ತುಸು ತಿರುಗಿದರೂ ಆ ಗೆರೆ ಎರಡು ತುಂಡಾಗಿ ಕಾಣುತ್ತದೆ. ಅದನ್ನು ಪತ್ತೆ ಮಾಡಲು ಮೆಕಾನಿಕ್ಕೇ ಬೇಕಿಲ್ಲ. ಕಿಕ್ ಹೊಡೆಯುವ ಮೊದಲು ಗಾಡಿಯ ಮಾಲೀಕರೇ ಒಮ್ಮೆ ಬಗ್ಗಿ ನೋಡಿದರೆ ಆಯಿತು.