ನಿವೃತ್ತಿಯ ವಯಸ್ಸೂ ನ್ಯಾಯದ ಪ್ರಶ್ನೆಯೂ

ನಿವೃತ್ತಿಯೆಂಬ ಶಬ್ದವು ಶಾಸ್ತ್ರಗ್ರಂಥಗಳಲ್ಲಿ ಪ್ರವೃತ್ತಿಗೆ ಪ್ರತಿಯಾಗಿ ನಿಂತಿರುವುದು. ಮನಸ್ಸು ವಿಷಯಗಳಿಂದ ಹಿಂದಿರುಗುವುದೆಂದು ಅಲ್ಲಿ ಅದರ ಅರ್ಥ. ಅದಕ್ಕೆ ವಯಸ್ಸಿನ ಕಟ್ಟಿಲ್ಲ. ರಾಜ್ಯವ್ಯವಹಾರದಲ್ಲಾದರೋ ಇಂತಿಷ್ಟು ವರ್ಷ ತುಂಬಿದವನು ಕೆಲಸವನ್ನು ಬಿಟ್ಟು ಪಿಂಚಣಿಗೆ ಅರ್ಹನಾಗುವುದಕ್ಕೆ ಅದೇ ಹೆಸರು. ಮೊದಲನೆಯದನ್ನು ಯಾರೂ ಕೊಡಲಾರರು, ಯಾರೂ ಕಸಿಯಲಾರರು. ಎರಡನೆಯದನ್ನು ಕಾನೂನು ಕೊಡುತ್ತದೆ; ಮುಂದಕ್ಕೆ ತಳ್ಳುವುದೂ ಕಾನೂನೇ. ಹಾಗೆ ತಳ್ಳಿದಾಗ ಜನರು ತಿಂಗಳುಗಟ್ಟಲೆ ಬೀದಿಗಿಳಿದ ಪ್ರಸಂಗವೊಂದು 2023ರಲ್ಲಿ ಫ್ರಾನ್ಸ್ ದೇಶದಲ್ಲಿ ನಡೆಯಿತು.

ಆ ವರ್ಷದ ಜನವರಿಯಲ್ಲಿ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರನ್ ಅವರ ಸರ್ಕಾರವು ನಿವೃತ್ತಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆಯನ್ನು ಮುಂದಿಟ್ಟಿತು. ಸುಲಭವಾಗಿ ಒಮ್ಮತಕ್ಕೆ ಬಾರದ ಎಂಟು ಪ್ರಧಾನ ಕಾರ್ಮಿಕ ಸಂಘಗಳು ಅದರ ವಿರುದ್ಧ ಒಂದಾದವು. ಜನವರಿ 19ರಂದು ಮೊದಲ ಮುಷ್ಕರವಾಯಿತು. ಮಾರ್ಚಿಯಲ್ಲಿ ಪ್ಯಾರಿಸ್ ನಗರದ ಕಸ ಸಾಗಿಸುವವರು ಕೆಲಸ ನಿಲ್ಲಿಸಲು ಸಾವಿರಾರು ಟನ್ ಕಸವು ಬೀದಿಗಳಲ್ಲಿ ರಾಶಿಬಿದ್ದಿತು. ಮಾರ್ಚಿ 16ರಂದು ಪ್ರಧಾನಿ ಎಲಿಸಬೆತ್ ಬೋರ್ನ್ ಅವರು ಸಂವಿಧಾನದ 49ನೆಯ ವಿಧಿಯ 3ನೆಯ ಉಪವಿಧಿಯನ್ನು ಬಳಸಿ, ಕೆಳಮನೆಯ ಮತಕ್ಕೆ ಹಾಕದೆಯೇ ಮಸೂದೆಯನ್ನು ದಾಟಿಸಿದರು. ನಾಲ್ಕು ದಿನಗಳ ಬಳಿಕ ಅವಿಶ್ವಾಸ ಸೂಚನೆಯು ಒಂಬತ್ತೇ ಮತಗಳ ಕೊರತೆಯಿಂದ ಬಿದ್ದಿತು.

ಇಲ್ಲಿ ಪೂರ್ವಪಕ್ಷವನ್ನು ಹಗುರವಾಗಿ ಎಣಿಸಲಾಗದು. ಫ್ರಾನ್ಸಿನ ಪಿಂಚಣಿಯು ಪ್ರತಿಯೊಬ್ಬನೂ ತನಗಾಗಿ ಕೂಡಿಟ್ಟ ಗಂಟಲ್ಲ. ಇಂದು ದುಡಿಯುವವರು ಕೊಡುವ ವಂತಿಗೆಯೇ ಇಂದಿನ ವೃದ್ಧರ ಜೀವನ. ಇವರ ಮುಪ್ಪಿಗೆ ನಾಳಿನವರು ಕೊಡುವರೆಂಬ ನಂಬಿಕೆಯೇ ಅದಕ್ಕೆ ಆಧಾರ. ಇದನ್ನು ಋಣವೆಂದರೆ ತಪ್ಪಾಗಲಾರದು. 1960ರ ಸುಮಾರಿನಲ್ಲಿ ಒಬ್ಬ ನಿವೃತ್ತನಿಗೆ ನಾಲ್ವರು ವಂತಿಗೆದಾರರಿದ್ದರು. ಈಗ ಇಬ್ಬರೂ ಇಲ್ಲ, ಸುಮಾರು 1.7 ಮಂದಿ. ಹೆಗಲುಗಳು ಕಡಿಮೆಯಾದಂತೆ ಪಲ್ಲಕ್ಕಿಯ ಭಾರ ಹೆಚ್ಚುವುದು ಸಹಜ. ಆಯುಸ್ಸು ಹೆಚ್ಚಿರುವಾಗ ಎರಡು ವರ್ಷ ಹೆಚ್ಚು ದುಡಿಯಿರೆಂದರೆ ಅನ್ಯಾಯವೇನೆಂದು ಸರ್ಕಾರ ಕೇಳಿತು.

ಇನ್ನು ಕೆಲವರು, ಇದು ಮೈಗಳ್ಳರ ಗಲಾಟೆಯೆಂದರು. ಕಾಯಕವನ್ನು ಪೂಜೆಯೆಂದು ತಿಳಿದ ನಾಡಿನ ವಾಚಕರಿಗೂ ಮೊದಲ ನೋಟಕ್ಕೆ ಹಾಗೆಯೇ ತೋರಬಹುದು: ಪೂಜೆಗೆ ನಿವೃತ್ತಿಯುಂಟೆ? ಆದರೆ ಈ ಪ್ರಶ್ನೆಯಲ್ಲಿ ಒಂದು ತೊಡಕಿದೆ. ಕಾಯಕವೆಂಬುದು ಮಾಡುವವನ ಮನಸ್ಸಿನಿಂದ ಹುಟ್ಟಿದ ಅರ್ಪಣೆ. ಸೊಂಟ ಬಾಗಿದ ಮೇಲೆಯೂ ಹೊಟ್ಟೆಯ ಅಂಜಿಕೆಯಿಂದ ಹೊರುವ ಹೊರೆಗೆ ಆ ಹೆಸರು ಸಲ್ಲದು. ಕಾಯಕದ ಹಿರಿಮೆಯನ್ನು ಹೊರೆ ಹೊರುವವನು ತನಗೆ ತಾನೇ ಹೇಳಿಕೊಳ್ಳಬಹುದಲ್ಲದೆ, ಹೊರಿಸುವವನು ಅವನಿಗೆ ಬೋಧಿಸುವುದು ಶೋಭಿಸದು.

ವಾದದ ತಿರುಳಿರುವುದು ಬೇರೆಡೆಯಲ್ಲಿ. ಎಲ್ಲರಿಗೂ ಒಂದೇ ಸಂಖ್ಯೆಯನ್ನು ವಿಧಿಸಿದರೆ ಅದು ಸಮತೆಯಾಗುವುದೇ? ಆ ದೇಶದ ಅಂಕಿಅಂಶ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅತಿ ಸಿರಿವಂತರಾದ ನೂರಕ್ಕೆ ಐದು ಮಂದಿ ಗಂಡಸರು ಅತಿ ಬಡವರಾದ ನೂರಕ್ಕೆ ಐದು ಮಂದಿ ಗಂಡಸರಿಗಿಂತ ಸುಮಾರು 13 ವರ್ಷ ಹೆಚ್ಚು ಬದುಕುವರು. ಒಬ್ಬನ ಸರಾಸರಿ ಆಯುಸ್ಸು 84 ವರ್ಷ, ಇನ್ನೊಬ್ಬನದು 72ಕ್ಕೂ ತುಸು ಕಡಿಮೆ. ಮೊದಲನೆಯವನು 64ರಲ್ಲಿ ಬಿಡುವಾದರೆ ಅವನಿಗೆ ಇಪ್ಪತ್ತು ವರ್ಷದ ವಿಶ್ರಾಂತಿ. ಎರಡನೆಯವನಿಗೆ ಎಂಟೂ ತುಂಬದು. ಇಪ್ಪತ್ತೆರಡರಲ್ಲಿ ಎರಡು ಕಳೆದರೆ ಆಗುವ ನೋವೂ ಹತ್ತರಲ್ಲಿ ಎರಡು ಕಳೆದರೆ ಆಗುವ ನೋವೂ ಒಂದೇ ಅಲ್ಲ. ಇದಕ್ಕೆ ಗಣಿತ ಬಲ್ಲ ಮಂತ್ರಿಗಳಿಂದ ಸರಿಯಾದ ಉತ್ತರ ಬರಲಿಲ್ಲ. ಚಿಕ್ಕಂದಿನಲ್ಲೇ ದುಡಿಮೆಗಿಳಿದವರಿಗೆ ಕೆಲವು ವಿನಾಯಿತಿಗಳನ್ನು ಕೊಟ್ಟದ್ದುಂಟು. ಆದರೆ ಭಾರ ಎತ್ತುವುದು, ಮೈ ಹಿಂಡುವ ಭಂಗಿಗಳು, ಯಂತ್ರಗಳ ಅದುರು, ವಿಷರಾಸಾಯನಿಕಗಳ ಸಂಪರ್ಕ ಎಂಬ ನಾಲ್ಕನ್ನು ಇದೇ ಅಧ್ಯಕ್ಷರ ಆಳ್ವಿಕೆಯಲ್ಲಿ, 2017ರಲ್ಲಿ, ಕಷ್ಟದ ಕೆಲಸಗಳ ಎಣಿಕೆಯಿಂದ ತೆಗೆದುಹಾಕಲಾಗಿತ್ತು. ಪ್ಯಾರಿಸಿನ ಕಸ ಸಾಗಿಸುವವನಿಗೆ 57ರಲ್ಲಿ ದೊರೆಯುತ್ತಿದ್ದ ಬಿಡುವು ಈ ಮಸೂದೆಯಿಂದ 59ಕ್ಕೆ ಸರಿಯುತ್ತಿತ್ತು. ಅವನು ಪೊರಕೆಯನ್ನು ಕೆಳಗಿಟ್ಟುದು ಸೋಮಾರಿತನದಿಂದಲ್ಲ.

ಪ್ರತಿಭಟನೆಯಲ್ಲಿ ನಡೆದುದೆಲ್ಲವೂ ಒಪ್ಪತಕ್ಕದ್ದೆಂದಲ್ಲ. ಮಾರ್ಚಿ 23ರಂದು ಬೋರ್ಡೋ ನಗರದ ಪುರಭವನದ ಬಾಗಿಲಿಗೆ ಬೆಂಕಿಯಿಟ್ಟರು; ಮುದುಕರ ಅನ್ನಕ್ಕೂ ಆ ಬಾಗಿಲಿಗೂ ಸಂಬಂಧವೇನು? ಆದರೆ ಮತಕ್ಕೆ ಹಾಕದೆ ದಾಟಿಸಿದ ಬಳಿಕವೇ ಬೀದಿಯ ಸಿಟ್ಟು ಕೆರಳಿತೆಂಬುದನ್ನೂ ಮರೆಯಲಾಗದು. ಏಪ್ರಿಲ್ 14ರಂದು ಸಂವಿಧಾನ ಪರಿಷತ್ತು ಮಸೂದೆಯ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂದಿತು. ವಿಧಿಸಮ್ಮತವೆಂಬುದು ಸ್ಥಿರವಾಯಿತು. ಆದರೆ ಋಣವೆಂಬುದು ಎರಡು ಕಡೆಯವರೂ ಒಪ್ಪಿದಾಗ ಮಾತ್ರ ಹಗುರವಾಗುವ ವಸ್ತು. ಮೆರವಣಿಗೆಗಳಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿಗಳೂ ನಡೆದರು. ನಲವತ್ತು ವರ್ಷ ವಂತಿಗೆ ಕಟ್ಟಬೇಕಾದವರು ಅವರೇ. ಅವರನ್ನು ಕೇಳದೆ ಕರಾರಿನ ಷರತ್ತನ್ನು ತಿದ್ದಿದ್ದೇ ಆ ಸಿಟ್ಟಿನ ಬೇರು.

2025ರ ಅಕ್ಟೋಬರಿನಲ್ಲಿ ಪ್ರಧಾನಿ ಸೆಬಾಸ್ಟಿಯನ್ ಲೆಕೊರ್ನು ಅವರು, 2027ರ ಅಧ್ಯಕ್ಷ ಚುನಾವಣೆ ಮುಗಿಯುವವರೆಗೆ ವಯಸ್ಸಿನ ಏರಿಕೆಯನ್ನು ತಡೆಹಿಡಿಯುವುದಾಗಿ ಸಾರಿದರು. ಡಿಸೆಂಬರಿನಲ್ಲಿ ಸಂಸತ್ತೂ ಅದಕ್ಕೆ ಒಪ್ಪಿತು. ತಡೆದುದು ರದ್ದಾದುದಲ್ಲ. ನೂರು ಮಂದಿ ವೃದ್ಧರಿಗೆ ನೂರ ಎಪ್ಪತ್ತು ಮಂದಿ ದುಡಿಯುವವರೆಂಬ ಲೆಕ್ಕ ಅಲ್ಲಿಯೇ ಇದೆ. ಯಾರ ಬೆನ್ನಿನಿಂದ ಎಷ್ಟು ತೆಗೆಯಬೇಕೆಂಬುದನ್ನು ಆ ದೇಶವು ಇನ್ನೂ ತೀರ್ಮಾನಿಸಿಲ್ಲ.